ಇನ್ನೂ ಸ್ವಲ್ಪ ದಪ್ಪ ಮಾಡಪ್ಪಾ

ಪಬ್ಲಿಕ್ ಜಾಗದಲ್ಲಿ ಹಾಕೋ ಸೂಚನೆಯನ್ನ ಯಾರಾದ್ರೂ ಅಕಸ್ಮಾತ್ ಓದಿಬಿಟ್ರೆ ಏನ್ ಗತಿ ಅಂತ ಹೆದರೋರೇ ಬೋರ್ಡ್ ಡಿಸೈನ್ ಫೈನಲ್ ಮಾಡೋದು ಅಂತ ನಂಗೆ ಈಗೀಗ ಗ್ಯಾರಂಟಿ ಆಗ್ತಿದೆ. ಇಲ್ಲಾಂದ್ರೆ "ಲಿಫ್ಟ್ ಕೆಟ್ಟಿದೆ" ಅನ್ನೋ ಎರಡೇ ಪದಕ್ಕೆ ನೆರಳು, ಔಟ್‌ಲೈನು, ಒಳಗಡೆ ಕೆಂಪಿಂದ ಹಳದಿಗೆ ತಿರುಗೋ ಬಣ್ಣ, ತುದಿತುದಿಗೂ ಬಳ್ಳಿ ಸುತ್ಕೊಂಡಿರೋ ಫಾಂಟು, ಇಷ್ಟೆಲ್ಲಾ ಯಾಕೆ ಹೇಳಿ. ಕೆಟ್ಟಿರೋ ಲಿಫ್ಟಿಗೆ ಆ ವೈಭವ ನೋಡಿ ಅದಕ್ಕೇ ನಾಚಿಕೆ ಆಗ್ಬೇಕು.

ಇದು ಹೇಗೆ ಆಗತ್ತೆ ಅಂದ್ರೆ, ಡಿಸೈನ್ ಮಾಡೋ ಹುಡುಗ ಮೊದಲು ನೀಟಾಗಿ ಓದೋ ಹಾಗೇ ಮಾಡ್ಕೊಂಡು ಬಂದಿರ್ತಾನೆ, ಪಾಪ. ಸಾಹೇಬ್ರು ಕಣ್ಣು ಕಿರಿದು ಮಾಡಿ "ಪಂಚ್ ಇಲ್ಲ ಕಣಪ್ಪಾ" ಅಂತಾರೆ. ಬೋಲ್ಡ್ ಮಾಡ್ತಾನೆ. "ಇನ್ನೂ ಸ್ವಲ್ಪ." ಎಕ್ಸ್‌ಟ್ರಾ ಬೋಲ್ಡ್. "ಇನ್ನೂ." ಬ್ಲ್ಯಾಕು, ಅಂದ್ರೆ ಎಲ್ಲಕ್ಕಿಂತ ದಪ್ಪ. ಫಾಂಟಿನ ತೂಕಕ್ಕೆ, ಅಂದ್ರೆ ಗೆರೆಯ ದಪ್ಪಕ್ಕೆ, 100ರಿಂದ 900ರವರೆಗೆ ನಂಬರ್ ಇದೆ, ಮಾಮೂಲಿ ಅಕ್ಷರ 400, ಬೋಲ್ಡ್ 700, ಆದ್ರೆ ಸಾಹೇಬ್ರಿಗೆ 900 ಮುಟ್ಟಿದ್ಮೇಲೂ ಹಸಿವು ಹೋಗಲ್ಲ, ಆಗ ಹುಡುಗ ಬೇರೆ ದಾರಿ ಕಾಣದೆ ಅಕ್ಷರದ ಅಂಚಿನ ಸುತ್ತ ಒಂದು ದಪ್ಪ ಗೆರೆ (ಸ್ಟ್ರೋಕ್) ಎಳೆದು ಊದಿಸಿ ಕೊಡ್ತಾನೆ, ಮೀಟಿಂಗಲ್ಲಿ ಎಲ್ರೂ ಚಪ್ಪಾಳೆ.

ಹಾಗೆ ಊದಿಸಿದಾಗ ಏನಾಗತ್ತೆ ಅಂತ ಸ್ವಲ್ಪ ಹತ್ರ ಹೋಗಿ ನೋಡಿ. ದಪ್ಪ ಹೊರಗಡೆ ಮಾತ್ರ ಬೆಳೆಯಲ್ಲ, ಒಳಗೂ ಬೆಳೆಯತ್ತೆ, ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋಗತ್ತೆ. ಷ ಒಳಗಿನ ಗೆರೆ ಗೋಡೆಗೆ ಅಂಟ್ಕೊಂಡ್ರೆ ಅದು ಪ. ಮಹಾಪ್ರಾಣದ ಹೊಟ್ಟೆ ಸೀಳು ಮುಚ್ಚಿದ್ರೆ ಧ ಹೋಗಿ ದ. ಹೀಗಾಗಿ "ಪ್ರವೇಶ ನಿಷೇಧ" ಅಂತ ಹಾಕ್ಸಿದ್ದು ದೂರದಿಂದ "ಪ್ರವೇಶ ನಿಪೇದ" ಅಂತ ಕಾಣತ್ತೆ, ಅದೇನೋ ಹೊಸ ಸ್ಕೀಮ್ ಇರ್ಬೇಕು ಅಂತ ಜನ ಒಳಗೇ ನುಗ್ತಾರೆ. ಒತ್ತಕ್ಷರದ ಕಥೆ ಇನ್ನೂ ಘೋರ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದು ಯಾವುದು ಯಾರದು ಅಂತ ಪಂಚಾಯ್ತಿ ಮಾಡ್ಬೇಕು. ಟಾಯ್ಲೆಟ್ ಬಾಗಿಲ ಮೇಲೆ "ಸ್ತ್ರೀಯರು" ಅಂತ ಇಂಥಾ ಫಾಂಟಲ್ಲಿ ಹಾಕಿ ನೋಡಿ, ಸ ಕೆಳಗೆ ತ ಒತ್ತು, ಅದಕ್ಕೊಂದು ರ ಒತ್ತು, ಪಕ್ಕದಲ್ಲಿ ದೀರ್ಘ, ಎಲ್ಲಾ ಸೇರಿ ಕರೀ ಮುದ್ದೆ, ಅದರ ಮುಂದೆ ಅರ್ಜೆಂಟಾಗಿ ಬಂದೋರು ನಿಂತು ಲಿಪಿ ಸಂಶೋಧನೆ ಮಾಡ್ತಿರ್ತಾರೆ.

ದಪ್ಪ ಫಾಂಟ್ ಮೇಲೆ ನಂಗೇನೂ ಸಿಟ್ಟಿಲ್ಲ, ನಿಜ ಹೇಳ್ಬೇಕಂದ್ರೆ ಚೆನ್ನಾಗಿರೋ ದಪ್ಪ ಫಾಂಟ್ ಬರೆಯೋದು ಭಾರೀ ಕುಸುರಿ ಕೆಲಸ. ಗೆರೆ ಗೆರೆ ಸೇರೋ ಜಾಗದಲ್ಲಿ ಸಣ್ಣಗೆ ಮಾಡ್ಬೇಕು, ಅಕ್ಷರವನ್ನ ಅಗಲ ಮಾಡ್ಬೇಕು, ಒತ್ತನ್ನ ಬೇರೆಯಾಗೇ ಬರೀಬೇಕು. ದಪ್ಪ ಫಾಂಟುಗಳು ಹುಟ್ಟಿದ್ದೂ ಒಂದು ಕೆಲಸಕ್ಕೆ. 19ನೇ ಶತಮಾನದ ಶುರುವಲ್ಲಿ ಲಂಡನ್ನಿನ ಗೋಡೆಗಳ ಮೇಲೆ ಪೋಸ್ಟರ್ ಪೈಪೋಟಿ ಜೋರಾದಾಗ ಅಚ್ಚಿನವರು ಅಕ್ಷರಾನ ಊದಿಸೋಕೆ ಶುರು ಮಾಡಿದ್ರು, ಸೀಸದಲ್ಲಿ ಅಷ್ಟು ದೊಡ್ಡ ಅಕ್ಷರ ಎರಕ ಹೊಯ್ದರೆ ತೂಕವೂ ಜಾಸ್ತಿ ದುಡ್ಡೂ ಜಾಸ್ತಿ ಅಂತ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1828ರಲ್ಲಿ ಮರದ ಅಕ್ಷರಗಳ ಕ್ಯಾಟಲಾಗೇ ತಂದ. ಶಿಕಾಗೋದ ಓಸ್ವಾಲ್ಡ್ ಕೂಪರ್ ಅವರ ಕೂಪರ್ ಬ್ಲ್ಯಾಕ್ ಫಾಂಟ್ 1922ರದ್ದು, ಮೂಲೆ ಎಲ್ಲಾ ದುಂಡಗೆ, ನೋಡಿದ್ರೆ ಖುಷಿ ಆಗತ್ತೆ, ಅದೂ ಜಾಹೀರಾತಿಗೆ. ಜೆಫ್ರಿ ಲೀ ಅವರ ಇಂಪ್ಯಾಕ್ಟ್ 1965ರದ್ದು, ಹೆಡ್ಡಿಂಗಿಗೆ. ನಡ್ಕೊಂಡು ಹೋಗೋನ ಕತ್ತು ಒಂದ್ಸಲ ತಿರುಗಿಸೋದು, ಅಷ್ಟೇ ಇವುಗಳ ಡ್ಯೂಟಿ. ಇಂಥವುಗಳ ಕೈಲಿ ನಾವು "ಬೆಂಕಿ ಬಿದ್ದಾಗ ಪಾಲಿಸಬೇಕಾದ ನಿಯಮಗಳು" ಅಂತ ಇಡೀ ಪುಟ ಹೇಳಿಸ್ತಿದ್ದೀವಿ. ಮೂರನೇ ನಿಯಮ ಓದೋ ಹೊತ್ತಿಗೆ ಬೆಂಕಿ ತಾನೇ ಆರಿರತ್ತೆ.

ಇಂಗ್ಲಿಷಲ್ಲಾದ್ರೆ ಅಲ್ಜೀರಿಯನ್ ಅಂತ ಒಂದಿದೆ, ಮೈತುಂಬ ನೆರಳು, ಬರೀ ದೊಡ್ಡಕ್ಷರ. ಆಫೀಸ್ ಸಾಫ್ಟ್‌ವೇರ್ ಜೊತೆ ಫ್ರೀಯಾಗಿ ಬಂದು ಪ್ರಪಂಚದ ಎಲ್ಲಾ ಸರ್ಟಿಫಿಕೇಟು, ಸರ್ಕ್ಯುಲರು, ಗಾಜಿನ ಬಾಗಿಲಿಗೆ ಅಂಟಿಸಿರೋ ಚೀಟಿ ತನಕ ಹರಡ್ಕೊಂಡಿದೆ. ಸೌಂದರ್ಯಪ್ರಜ್ಞೆ ಅಂತ ತಿಳ್ಕೋಬೇಡಿ, ನನ್ನ ಪ್ರಕಾರ ಕಾರಣ ಒಂದೇ, ಎ ಅಕ್ಷರದಿಂದ ಶುರು ಆಗೋದ್ರಿಂದ ಲಿಸ್ಟಲ್ಲಿ ಮೇಲೇ ಸಿಗತ್ತೆ, ಸ್ಕ್ರೋಲ್ ಮಾಡೋ ಶ್ರಮ ಇಲ್ಲ.

ಇನ್ನೊಂದು ಗಮನಿಸಿದ್ದೀರಾ? ಜನ ಓದ್ಲೇಬೇಕಾದ್ದನ್ನ ಓದೋಕಾಗ್ದಷ್ಟು ದಪ್ಪ ಮಾಡ್ತಾರೆ, ಓದ್ಬಾರದ "ಷರತ್ತುಗಳು ಅನ್ವಯ"ವನ್ನ ಓದೋಕಾಗ್ದಷ್ಟು ಸಣ್ಣ ಮಾಡ್ತಾರೆ. ಇವೆರಡರ ಮಧ್ಯೆ ಹದವಾದ ಸೈಜಲ್ಲಿ, ಸುತ್ತ ಸಾಕಷ್ಟು ಜಾಗ ಬಿಟ್ಟು, ನೆರಳು ಬಳ್ಳಿ ಏನೂ ಇಲ್ದೆ, ಒತ್ತು ದೀರ್ಘ ಎಲ್ಲಾ ಸ್ಪಷ್ಟವಾಗಿ ಕಾಣೋ ಒಂದೇ ಒಂದು ಸಾಲು ಇರತ್ತೆ, ಅದು ಬೋರ್ಡ್ ಹಾಕ್ಸಿದವರ ಹೆಸರು. ಅದನ್ನೂ ದಪ್ಪ ಮಾಡ್ಲಾ ಸಾರ್ ಅಂತ ಹುಡುಗ ಕೇಳಿದ್ರೆ ಸಾಹೇಬ್ರು ಗಾಬರಿಯಾಗಿ "ಏಯ್ ಬೇಡಪ್ಪಾ, ಅದನ್ನ ಜನ ಓದ್ತಾರೆ" ಅಂತಾರೆ.