ಮೂಗಿಗೆ ಜೇನು ಹಾಕುವ ಮೊದಲು ಉಪ್ಪುನೀರು ಸರಿಯಾಗಿ ಹಾಕಿ

ಸೈನಸ್ ಆಪರೇಷನ್ ಆಗಿ ತಿಂಗಳುಗಟ್ಟಲೆ ಕಳೆದರೂ ಹಳದಿ ಸಿಂಬಳ, ಹಕ್ಕಳೆ ನಿಂತಿಲ್ಲ ಅಂದವರಿಗೆಲ್ಲ ಈಗ ಒಂದೇ ಸಲಹೆ: "ಉಪ್ಪುನೀರಿಗೆ ಎರಡು ಚಮಚ ಜೇನು ಬೆರೆಸಿ ತೊಳೀರಿ". ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾವ ಜೇನು?

ಹೀಗೆ ಬಿಡದೆ ಕಾಡುವ ಸೋಂಕಿನಲ್ಲಿ ಬ್ಯಾಕ್ಟೀರಿಯಾಗಳು ಎಷ್ಟೋ ಸಲ ತಾವೇ ನೇಯ್ದ ಲೋಳೆಯ ಹೊದಿಕೆ ಹೊದ್ದು ಕೂತಿರುತ್ತವೆ. ಇದೇ ಬಯೋಫಿಲ್ಮ್. ಆಂಟಿಬಯಾಟಿಕ್‌ಗೂ ಸುಲಭಕ್ಕೆ ಬಗ್ಗಲ್ಲ. 2009ರಲ್ಲಿ ಕೆನಡಾದ ಒಟ್ಟಾವಾದ ಸಂಶೋಧಕರು ಮ್ಯಾನುಕಾ (ನ್ಯೂಜಿಲೆಂಡಿನ ಒಂದು ಪೊದೆಯ ಹೂವಿನದು) ಮತ್ತು ಸಿದ್ರ್ (ಬೋರೆ ಜಾತಿಯ ಮರದ್ದು) ಜೇನು ಇವನ್ನು ಕೊಲ್ಲುತ್ತವೆ ಅಂತ ತೋರಿಸಿದ್ದು ನಿಜ, ಆದರೆ ಲ್ಯಾಬಿನಲ್ಲಿ. ರೋಗಿಗಳ ಮೂಗಿಗೆ ಬಂದಾಗ ಕಥೆ ಸಪ್ಪೆ. ಅಮೆರಿಕದ ಸಿಯಾಟಲ್‌ನಲ್ಲಿ 30 ದಿನ ಮ್ಯಾನುಕಾ ನೀರು, ಬರೀ ಉಪ್ಪುನೀರು ಹೋಲಿಸಿದರು: ಎರಡೂ ಗುಂಪಿನವರಿಗೆ ಆರಾಮವಾಯಿತು, ಹೆಚ್ಚುಕಮ್ಮಿ ಒಂದೇ ಅಳತೆಗೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ 16.5% ಮ್ಯಾನುಕಾಗೆ ಮೀಥೈಲ್‌ಗ್ಲೈಆಕ್ಸಾಲ್ ಎಂಬ ರಾಸಾಯನಿಕ ಬೇರೆ ಸೇರಿಸಿ 14 ದಿನ ಕೊಟ್ಟರು. ಅಪಾಯವಾಗಲಿಲ್ಲ, ಆಂಟಿಬಯಾಟಿಕ್‌ ಅನ್ನು ಮೀರಿಸಲೂ ಇಲ್ಲ.

ಆ ಮೀಥೈಲ್‌ಗ್ಲೈಆಕ್ಸಾಲೇ ಮ್ಯಾನುಕಾದ ಕಸುವು. ಸಾಮಾನ್ಯ ಜೇನಿನ ಶಕ್ತಿ ಬಹುಪಾಲು ಹೈಡ್ರೋಜನ್ ಪೆರಾಕ್ಸೈಡ್. ಅದನ್ನು ನಮ್ಮ ಮೈಯ ಕಿಣ್ವವೇ ಒಡೆದು ಹಾಕುತ್ತೆ. ಹಸಿ ಜೇನಿನಲ್ಲಿ ಬಾಟುಲಿನಂ ಎಂಬ ವಿಷಕಾರಿ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಅದಕ್ಕೇ ವೈದ್ಯಕೀಯ ಜೇನನ್ನು ಗಾಮಾ ಕಿರಣದಲ್ಲಿ ಶುದ್ಧ ಮಾಡೋದು. ಮನೆಯಲ್ಲಿ ಕುದಿಸಿದರೆ ಬೀಜಕಣ ಸಾಯಲ್ಲ, ಜೇನಿನ ಕಿಣ್ವ ಸಾಯುತ್ತೆ. ಶಿರಸಿಯ ತುಡುವೆ ಜೇನು ದೋಸೆಗೇ ಇರಲಿ.

ಇನ್ನು ಜೇನುನೀರು ಹಾಕಿದಾಗಿನ ಉರಿ. ಮೂಗು ತೊಳೆಯುವ 240 ಎಂಎಲ್ ಬಾಟಲಿಗೆ 24 ಎಂಎಲ್ ಜೇನು ಹಾಕಿದರೆ ಸಕ್ಕರೆಯೇ 25 ಗ್ರಾಂ ದಾಟುತ್ತೆ. ಅದರ ಮೇಲೆ ಪೂರ್ತಿ ಉಪ್ಪೂ ಬಿದ್ದರೆ ದ್ರಾವಣ ರಕ್ತಕ್ಕಿಂತ ಎಷ್ಟೋ ಪಟ್ಟು ಗಾಢ. ಹಸಿ ಗಾಯದ ಮೂಗು ಉರಿಯದೆ ಇನ್ನೇನು ಮಾಡೀತು?

ಹಾಗಾಗಿ ಮೊದಲು ನೀರು. ಒಂದು ನಿಮಿಷ ಕೊತಕೊತ ಕುದಿಸಿ ಉಗುರುಬೆಚ್ಚಗೆ ಆರಿಸಿದ್ದು; ನಲ್ಲಿ ನೀರು ನೇರವಾಗಿ ಬೇಡವೇ ಬೇಡ, ಮೆದುಳು ತಿನ್ನುವ ಅಮೀಬಾ ದೇಹಕ್ಕೆ ಇಳಿಯೋದೇ ಮೂಗಿನಿಂದ. 240 ಎಂಎಲ್‌ಗೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ. ಸಿಂಕಿಗೆ ಬಗ್ಗಿ, ಬಾಯಿ ತೆರೆದು "ಕ... ಕ..." ಅನ್ನುತ್ತಾ ಮೆಲ್ಲಗೆ ಒತ್ತಿ, ಹೊಳ್ಳೆಗೆ ಅರ್ಧರ್ಧ ಬಾಟಲಿ. ಆಪರೇಷನ್ ಸೈನಸ್ಸಿನ ಬಾಗಿಲು ತೆರೆದಿರುತ್ತೆ, ಒಳಗೆ ತಲುಪಲು ಇಷ್ಟು ನೀರು ಬೇಕು. ಸ್ಪ್ರೇಯ ನಾಲ್ಕು ಹನಿ ಅಲ್ಲಿಗೆ ಹೋಗಲ್ಲ. ಆಮೇಲೆ ಹಣೆ ನೆಲದ ಕಡೆ ಬಗ್ಗಿಸಿ ಅರ್ಧ ನಿಮಿಷ ಇರಿ. ಇಲ್ಲದಿದ್ದರೆ ಮಧ್ಯಾಹ್ನ ಚಪ್ಪಲಿ ಹಾಕಲು ಬಗ್ಗಿದಾಗ ನೀರು ಸುರಿಯುತ್ತೆ. ಜೋರಾಗಿ ಮೂಗು ಸೀಟಬೇಡಿ, ನೀರು ಕಿವಿಗೆ ಏರುತ್ತೆ. ಯಾವತ್ತಿಂದ ಶುರು ಅನ್ನೋದನ್ನು ಆಪರೇಷನ್ ಮಾಡಿದವರೇ ಹೇಳಬೇಕು.

ಇಷ್ಟಾದ ಮೇಲೂ ಕೀವು ಬಂದರೆ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ಆಗ ಬೇಕಾದರೆ ಡಾಕ್ಟರ ಹತ್ತಿರ ವೈದ್ಯಕೀಯ ಮ್ಯಾನುಕಾ ಮಾತು ಎತ್ತಿ. ಬಳಸುವಿರಾದರೆ ದ್ರಾವಣ ಆಗಿಂದಾಗಲೇ ಕಲಸಿ, ಉಳಿದದ್ದು ಚೆಲ್ಲಿ. ಬಾಟಲಿಯ ಮುಚ್ಚಳ, ಒಳಗಿನ ಕೊಳವೆ ಬಿಚ್ಚಿ ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿ. ಆ ಕೊಳವೆಯ ತುದಿಯಲ್ಲೇ ಜೇನು ಅಂಟಿ, ನಾಲ್ಕು ದಿನಕ್ಕೆ ಕಪ್ಪು ಬೂಷ್ಟು ಕೂರೋದು.