ಹದಿನಾಲ್ಕು ಜನರ ದೊಡ್ಡ ಚರ್ಚು

ಇಂಗ್ಲೆಂಡಿಗೆ ಬಂದ ಮೇಲೆ ಹಳೇ ಚರ್ಚುಗಳನ್ನು ನೋಡಿಕೊಂಡು ಬರುವುದು ನನಗೆ ಅಭ್ಯಾಸವಾಗಿದೆ. ಅವುಗಳಲ್ಲಿ ಸಫಕ್ ಸೀಮೆಯ ಬ್ಲೈಬರೊ ಎಂಬ ಹಳ್ಳಿಯ ಹೋಲಿ ಟ್ರಿನಿಟಿ ಚರ್ಚು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಊರಲ್ಲಿರುವುದು ಸುಮಾರು 300 ಜನ. ಚರ್ಚಿನ ಉದ್ದವೇ 39 ಮೀಟರ್! ನದಿ ವ್ಯಾಪಾರದಲ್ಲಿ ಊರು ಕಾಸು ಕಂಡಿದ್ದ 15ನೇ ಶತಮಾನದಲ್ಲಿ ಕಟ್ಟಿದ್ದು. ಸುತ್ತಲಿನ ಜೌಗು ನೆಲದಾಚೆಯಿಂದಲೇ ಕಾಣುತ್ತದೆ.

ನಾನು ಹೋದ ಭಾನುವಾರ ಪ್ರಾರ್ಥನೆಗೆ ಬಂದಿದ್ದವರು ಹದಿನಾಲ್ಕು ಜನ. ಹೆಚ್ಚಿನವರ ತಲೆ ನರೆತಿತ್ತು. ಹೊತ್ತಾದಾಗ ಒಬ್ಬರು ಹಗ್ಗ ಎಳೆದರು. 1682ರ ಮರದ ಗೊಂಬೆಯೊಂದು ಟಣ್ಣನೆ ಗಂಟೆ ಬಾರಿಸಿತು. ಎಲ್ಲರೂ ಎದ್ದು ನಿಂತರು. ಹಾಡು ಶುರುವಾದಾಗ ಅಷ್ಟು ದೊಡ್ಡ ಜಾಗದಲ್ಲಿ ಒಬ್ಬೊಬ್ಬರ ದನಿಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ನನಗೆ ಗಂಟಲು ಕಟ್ಟಿತು.

ತಲೆ ಎತ್ತಿದರೆ ಚಾವಣಿಯ ಉದ್ದಕ್ಕೂ ರೆಕ್ಕೆ ಬಿಚ್ಚಿದ ಮರದ ದೇವದೂತರು. ಅವುಗಳಲ್ಲಿ ಸೀಸದ ಗುಂಡು ಸಿಕ್ಕಿದ್ದವಂತೆ. 1644ರಲ್ಲಿ ಚರ್ಚಿನ ವಿಗ್ರಹ ಒಡೆಯಲು ಬಂದ, ವಿಗ್ರಹಗಳನ್ನು ಒಪ್ಪದ ಪ್ಯೂರಿಟನ್ ಪಂಥದ ವಿಲಿಯಂ ಡೌಸಿಂಗ್ ಕಡೆಯವರ ಕೆಲಸ ಎಂದೇ ಜನ ನಂಬಿದ್ದರು. ನಿಜವೆಂದರೆ, 18ನೇ ಶತಮಾನದಲ್ಲಿ ಒಳಗೆ ಸೇರಿಕೊಂಡಿದ್ದ ಕಾಗೆ ಜಾತಿಯ ಹಕ್ಕಿಗಳಿಗೆ ಹೊಡೆದ ಗುಂಡುಗಳವು. ದೇವದೂತರ ಬಣ್ಣ ಮಾಸಿದೆ. ಹೊಸ ಬಣ್ಣ ಬಳಿಯಲು ಮಾತ್ರ ಯಾರೂ ಹೋಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. 1881ರಲ್ಲಿ ಈ ಚರ್ಚು ಬೀಳುವ ಹಾಗಾಗಿ ಬಾಗಿಲು ಹಾಕಿಸಿದ್ದರು. ಆಗ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹುಟ್ಟುಹಾಕಿದ್ದ, ಹಳೇ ಕಟ್ಟಡಗಳನ್ನು ಕಾಪಾಡುವ ಸಂಘ ನಡುವೆ ಬಂತು. ದುರಸ್ತಿ ಮಾಡಿ, ಹೊಸದು ಮಾಡಬೇಡಿ ಎನ್ನುವುದು ಅವರ ವಾದ. ವರ್ಷಗಟ್ಟಲೆ ಜಗಳವಾಯಿತು. ಆ ಜಗಳದಿಂದಲೇ ಇವತ್ತು ಸವೆದ ಇಟ್ಟಿಗೆ ನೆಲ, ಮಾಸಿದ ಬಣ್ಣ ಉಳಿದಿವೆ ಅನ್ನಿಸುತ್ತದೆ.

ನಮ್ಮಲ್ಲಿ ಭಕ್ತರಿಗೇನೂ ಕೊರತೆಯಿಲ್ಲ. ಆದರೆ ಊರಿಗೆ ದುಡ್ಡು ಬಂದ ಕೂಡಲೇ ಜೀರ್ಣೋದ್ಧಾರ ಸಮಿತಿ ಹುಟ್ಟುತ್ತದೆ. ಹೆಸರು ಜೀರ್ಣೋದ್ಧಾರ, ಎಷ್ಟೋ ಕಡೆ ನಡೆಯುವುದು ಕೆಡವುವ ಕೆಲಸ. ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್, ಚಪ್ಪಡಿಯ ಮೇಲೆ ಟೈಲ್ಸ್, ಮುಂದೆ ತಗಡಿನ ಶೀಟು. ಎಲ್ಲವೂ ಭಕ್ತಿಯಿಂದಲೇ, ಅದೇ ನೋವು. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನವರು ಹಳೇ ಗುಡಿಗಳನ್ನು ಕಲ್ಲಿಗೆ ಕಲ್ಲು ಜೋಡಿಸಿ ನಿಲ್ಲಿಸಿದ್ದಾರೆ. ದಾರಿ ಗೊತ್ತಿಲ್ಲ ಅಂತೇನಿಲ್ಲ, ಅಲ್ವಾ?

ಇಲ್ಲಿನ ಕಷ್ಟ ಬೇರೆ. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಶೇ. 59.3 ಜನ ಕ್ರೈಸ್ತರೆಂದು ಬರೆಸಿದ್ದರು. 2021ರಲ್ಲಿ ಅದು ಶೇ. 46.2. ಒಬ್ಬರೇ ಪಾದ್ರಿ ನಾಲ್ಕಾರು ಹಳ್ಳಿಗಳ ಚರ್ಚು ಸುತ್ತುತ್ತಾರೆ, ಪ್ರಾರ್ಥನೆಗೆ ಸರದಿ. ಹಳ್ಳಿ ಚರ್ಚಿನ ಸೂರು ಸೋರಿದರೆ ಖರ್ಚು ಹೊಂದಿಸಬೇಕಾದವರು ಅಲ್ಲಿಯ ಜನರೇ. ನಮ್ಮ ಗುಡಿಯಲ್ಲಾದರೆ ಯಾರೂ ಬರದ ದಿನವೂ ಅರ್ಚಕರು ದೀಪ ಹಚ್ಚಿ ನೈವೇದ್ಯ ಇಡುತ್ತಾರೆ. ಇಲ್ಲಿ ಜನ ಸೇರಿದರೇ ಆರಾಧನೆ. ಹಾಗಾಗಿ ಆ ಹದಿನಾಲ್ಕು ಜನರ ಮೇಲೆ ಬಿದ್ದಿರುವ ಭಾರ ನಮಗೆ ಸುಲಭಕ್ಕೆ ಅರ್ಥವಾಗುವುದಿಲ್ಲ.

ಚರ್ಚು ತುಂಬುವುದೇ ಇಲ್ಲ ಅಂತಲ್ಲ. 1969ರಲ್ಲಿ ಹತ್ತಿರದ ಸ್ನೇಪ್ ಸಂಗೀತ ಸಭಾಂಗಣ ಸುಟ್ಟುಹೋದಾಗ ಆಲ್ಡ್‌ಬರಾ ಸಂಗೀತ ಉತ್ಸವದ ಒಪೆರಾ ಈ ಚರ್ಚಿಗೇ ಬಂತು. ನಂಬದವರೂ ಬಂದು ಕೂರುವ ಜಾಗ ಇದು. ಅದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಅಜ್ಜಿಯರು ಚಹಾ ಕೊಟ್ಟರು. ಎಲ್ಲಿಯವನು, ಯಾವ ಮತ ಎಂದು ಕೇಳಲಿಲ್ಲ. ಸುಮ್ನೆ ಕೂತು ನೋಡಿ, ಎಷ್ಟು ಹೊತ್ತಾದರೂ ಇರಿ ಎಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೊರಟರು. ಕೊನೆಗೆ ಉಳಿದವನು ನಾನೊಬ್ಬನೇ. ಹೋಗುತ್ತಾ ಒಬ್ಬ ಅಜ್ಜಿ ತಿರುಗಿ ನಿಂತು ಹೇಳಿದರು: "ಹೊರಡುವಾಗ ಬಾಗಿಲು ಎಳೆದುಕೊಳ್ಳಪ್ಪ. ಇಲ್ಲದಿದ್ದರೆ ಹಕ್ಕಿ ಒಳಗೆ ಬಂದುಬಿಡುತ್ತವೆ."