ಸತ್ಯಾಂಶ: ತುಟ್ಟಿ ಕೀಬೋರ್ಡ್ ತಗೊಂಡ್ರ ಸ್ಪೀಡ್ ಡಬಲ್ ಆಗ್ತದೇನು?

ವಿಜಯಪುರದಾಗ ಟೈಪಿಂಗ್ ಪರೀಕ್ಷಾಕ್ಕ ಓದೋ ಹುಡುಗರ ಗ್ರೂಪಿನಾಗ ಒಂದು ಫಾರ್ವರ್ಡ್ ಓಡ್ಯಾಡಾಕತ್ತದ, ಹತ್ತು ಸಾವಿರದ ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡ್ರ ಸ್ಪೀಡ್ ಡಬಲ್ ಆಗ್ತದ, ಕೈನೋವೂ ಬರಂಗಿಲ್ಲ ಅಂತ. ಎರಡೂ ಖರೆ ಅಲ್ರಿ. ಸ್ಪೀಡ್ ಬರೋದು ಪ್ರಾಕ್ಟೀಸಿನಿಂದ. ಕೈನೋವಿಗೆ ಟೇಬಲ್ ಎತ್ತರ, ಮಣಿಕಟ್ಟು ನೆಟ್ಟಗ ಇಡೋದು, ನಡುನಡುವ ಬಿಡುವು, ಇವ ಮುಖ್ಯ.

ಹಂಗಂತ ಮೆಕ್ಯಾನಿಕಲ್ ಅನ್ನೋದು ಸುಳ್ಳು ಮಾಲಲ್ಲ. ಸಾದಾ ಕೀಬೋರ್ಡಿನಾಗ ಕೀ ಕೆಳಗ ರಬ್ಬರಿನ ಸಣ್ಣ ಗುಮ್ಮಟ ಇರ್ತದ (ನಮ್ಮ ಗೋಳಗುಮ್ಮಟನ ನೆನಸ್ಕೋರಿ), ಅದು ಕುಸಿದಾಗ ಅಕ್ಷರ ಬೀಳ್ತದ, ವರ್ಷಗಟ್ಟಲೆ ಬಡದ್ರ ಮೆತ್ತಗಾಗ್ತದ. ಮೆಕ್ಯಾನಿಕಲ್‌ನಾಗ ಪ್ರತಿ ಕೀಗೂ ಸ್ಪ್ರಿಂಗ್ ಇರೋ ಬ್ಯಾರೆ ಸ್ವಿಚ್, ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಅನ್ನೋ ಸ್ವಿಚ್ ಆದ್ರ 4 ಮಿಮೀ ಪೂರಾ ಒತ್ತೋದು ಬ್ಯಾಡ, 2 ಮಿಮೀಗೇ ಕೆಲಸ ಆಗ್ತದ, 10 ಕೋಟಿ ಸಲ ಒತ್ತಿದ್ರೂ ತಡೀತದ ಅಂತ ಕಂಪನಿನ ಹೇಳ್ತದ.

ಆದ್ರ ಹತ್ತು ಸಾವಿರದಾಗ ಭಾಳಷ್ಟು ಹೋಗೋದು ಅಲ್ಯೂಮಿನಿಯಂ ಬಾಡಿ, ವೈರ್‌ಲೆಸ್, ಬಣ್ಣದ ಲೈಟಿಗೆ. ಎರಡ್ಮೂರು ಸಾವಿರಕ್ಕೂ ಮೆಕ್ಯಾನಿಕಲ್ ಸಿಗ್ತಾವ, ಹಾಟ್‌ಸ್ವಾಪ್ ಇದ್ದದ್ದು ನೋಡ್ರಿ, ಒಂದು ಸ್ವಿಚ್ ಕೆಟ್ರ ಅದೊಂದನ್ನ ಕಿತ್ತು ಬ್ಯಾರೆ ಹಾಕಬಹುದು. ಬ್ಲೂ ಅನ್ನೋ ನಮೂನಿ ಸ್ವಿಚ್ ಮಾತ್ರ ಟಕಟಕ ಸಪ್ಪಳ ಭಾಳ, ರಾತ್ರಿ ಮನ್ಯಾಗ ಮಂದಿ ಮಲಗಿದ್ರ ರೆಡ್ಡೇ ಛಲೋ.